ಮಂಜೂರಾದ ಹಣ ಖಾತೆಗೆ ಬರಲಿಲ್ಲ, ಯಾಕೆ?

ಓದುಗರ ಪ್ರಶ್ನೆ: ಕಾಲೇಜು ಫೀಸು, ಸ್ಕಾಲರ್‌ಶಿಪ್, ಶಿಕ್ಷಣ ಸಾಲ

ಪಿಯು ಫಲಿತಾಂಶ, ಸಿಇಟಿ ರ‍್ಯಾಂಕ್ ಬಂದ ಮೇಲೆ ನಮಗೆ ಬರುವ ಪತ್ರಗಳಲ್ಲಿ ಹೆಚ್ಚಿನವು ಫೀಸಿನ ಚಿಂತೆಯವೇ. ಒಂದೇ ಬಗೆಯ ತೊಂದರೆ ಹೇಳಿದವರ ಪತ್ರಗಳಲ್ಲಿ ಒಂದೊಂದನ್ನು ಆರಿಸಿ ಇಲ್ಲಿ ಉತ್ತರಿಸಿದ್ದೇವೆ. ಮೊತ್ತ, ಆದಾಯ ಮಿತಿ, ಕೊನೆಯ ದಿನಾಂಕ ಇವೆಲ್ಲ ಆಗಾಗ ಬದಲಾಗುತ್ತವೆ. ಅರ್ಜಿ ಹಾಕುವ ಮುನ್ನ ಆಯಾ ಪೋರ್ಟಲ್‌ನಲ್ಲಿ ಒಮ್ಮೆ ನೋಡಿಕೊಳ್ಳಿ.

ಪ್ರಶ್ನೆ: ನಾನು ಬಿ.ಕಾಂ ಎರಡನೇ ವರ್ಷ ಓದುತ್ತಿದ್ದೇನೆ. ರಾಜ್ಯದ ಸ್ಕಾಲರ್‌ಶಿಪ್ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ ಸ್ಟೇಟಸ್ ನೋಡಿದರೆ ಹಣ ಕಳಿಸಲಾಗಿದೆ ಎಂದು ತೋರಿಸುತ್ತಿದೆ. ಪಾಸ್‌ಬುಕ್ ಎಂಟ್ರಿ ಮಾಡಿಸಿದರೆ ಏನೂ ಇಲ್ಲ. ಬ್ಯಾಂಕಿನಲ್ಲಿ ಕೇಳಿದರೆ "ಆಧಾರ್ ಲಿಂಕ್ ಆಗೇ ಇದೆ, ಇಲಾಖೆಯಲ್ಲಿ ಕೇಳಮ್ಮ" ಅನ್ನುತ್ತಾರೆ. ಇಲಾಖೆಯಲ್ಲಿ ಕೇಳಿದರೆ ಬ್ಯಾಂಕಿಗೆ ಹೋಗು ಅನ್ನುತ್ತಾರೆ. ಯಾರ ಮಾತು ನಂಬಲಿ?
— ವಿದ್ಯಾರ್ಥಿನಿ, ರಾಣೆಬೆನ್ನೂರು

ಉತ್ತರ: ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಖಾತೆಗೆ ಆಧಾರ್ ಲಿಂಕ್ ಆಗುವುದು ಬೇರೆ, ಎನ್‌ಪಿಸಿಐ (ಬ್ಯಾಂಕುಗಳ ನಡುವಿನ ಪಾವತಿ ನಡೆಸುವ ಸಂಸ್ಥೆ) ಮ್ಯಾಪರ್‌ನಲ್ಲಿ ಆಧಾರ್ ಸೀಡಿಂಗ್ ಆಗುವುದು ಬೇರೆ. ಮೊದಲನೆಯದು ನಿಮ್ಮ ಬ್ಯಾಂಕಿನ ಕಂಪ್ಯೂಟರಿನೊಳಗೆ ಕೆವೈಸಿಗಾಗಿ ಮಾಡಿಕೊಳ್ಳುವ ದಾಖಲೆ. ಎರಡನೆಯದು ದೇಶಕ್ಕೆಲ್ಲ ಒಂದೇ ಆಗಿರುವ ಪಟ್ಟಿ. ಅದರಲ್ಲಿ ಒಂದು ಆಧಾರ್ ಸಂಖ್ಯೆಯ ಎದುರು ಒಂದೇ ಬ್ಯಾಂಕಿನ ಹೆಸರಿರುತ್ತದೆ. ಎಸ್‌ಎಸ್‌ಪಿ ಹಣ ನಿಮ್ಮ ಖಾತೆ ಸಂಖ್ಯೆ ನೋಡಿ ಬರುವುದಿಲ್ಲ, ಆಧಾರ್ ಸಂಖ್ಯೆ ನೋಡಿ ಬರುತ್ತದೆ. ಆ ಪಟ್ಟಿಯಲ್ಲಿ ಕೊನೆಯದಾಗಿ ಸೀಡ್ ಆದ ಬ್ಯಾಂಕ್ ಯಾವುದೋ ಅಲ್ಲಿಗೆ ಹೋಗುತ್ತದೆ.

ಹಾಗಾಗಿ ಎರಡರಲ್ಲಿ ಒಂದು ಆಗಿರುತ್ತದೆ. ಹಣ ನೀವು ಮರೆತೇಬಿಟ್ಟ ಇನ್ನೊಂದು ಖಾತೆಗೆ ಹೋಗಿರಬಹುದು. ಹೈಸ್ಕೂಲಿನಲ್ಲಿ ತೆರೆಸಿದ ಖಾತೆ, ಮೊಬೈಲ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿಸಿಕೊಂಡು ತೆರೆದುಕೊಟ್ಟ ಪೇಮೆಂಟ್ಸ್ ಬ್ಯಾಂಕ್ ಖಾತೆ ಇಂಥವು. ಇಲ್ಲವೇ ಹಣ ಹೋಗಿ ವಾಪಸ್ ಬಂದಿರಬಹುದು.

ಮೈ ಆಧಾರ್ ಜಾಲತಾಣಕ್ಕೆ ಆಧಾರ್ ಸಂಖ್ಯೆ ಮತ್ತು ಒಟಿಪಿ ಹಾಕಿ ಲಾಗಿನ್ ಆಗಿ 'ಬ್ಯಾಂಕ್ ಸೀಡಿಂಗ್ ಸ್ಟೇಟಸ್' ಒತ್ತಿ. ಬ್ಯಾಂಕಿನ ಹೆಸರು, ಆಕ್ಟಿವ್ ಇದೆಯೋ ಇಲ್ಲವೋ, ಯಾವತ್ತು ಸೀಡ್ ಆಯಿತು ಎಂಬುದು ಕಾಣುತ್ತದೆ. ಖಾತೆ ಸಂಖ್ಯೆ ಕಾಣುವುದಿಲ್ಲ. ಒಂದೇ ಬ್ಯಾಂಕಿನಲ್ಲಿ ನಿಮಗೆ ಎರಡು ಖಾತೆ ಇದ್ದರೆ ಯಾವುದಕ್ಕೆ ಜೋಡಣೆಯಾಗಿದೆ ಎಂದು ಶಾಖೆಯಲ್ಲೇ ಕೇಳಬೇಕು.

ಬೇರೆ ಬ್ಯಾಂಕಿನ ಹೆಸರು ಬಂದರೆ ಮೊದಲು ಆ ಖಾತೆ ನೋಡಿ, ಹಣ ಅಲ್ಲೇ ಕೂತಿರುವ ಸಾಧ್ಯತೆ ಹೆಚ್ಚು. 'ಇನ್‌ಆಕ್ಟಿವ್' ಎಂದು ಬಂದರೆ ನಿಮಗೆ ಬೇಕಾದ ಶಾಖೆಗೆ ಹೋಗಿ. ಅಲ್ಲಿ ಆಧಾರ್ ಲಿಂಕ್ ಮಾಡಿ ಎನ್ನಬೇಡಿ, ಮಾಡಿದ್ದೇವೆ ಎಂದೇ ಉತ್ತರ ಬರುತ್ತದೆ. "ಡಿಬಿಟಿಗೆ (ನೇರ ನಗದು ವರ್ಗಾವಣೆಗೆ) ಎನ್‌ಪಿಸಿಐ ಸೀಡಿಂಗ್ ಆಗಬೇಕು" ಎಂದು ಹೇಳಿ ಒಪ್ಪಿಗೆ ಅರ್ಜಿ ಕೇಳಿ ಪಡೆಯಿರಿ. ಹಳೆಯ ಬ್ಯಾಂಕಿನಿಂದ ಇಲ್ಲಿಗೆ ಬದಲಾಯಿಸುವುದಾದರೆ ಹಳೆಯ ಬ್ಯಾಂಕಿನ ಹೆಸರು ಬರೆಯುವ ಜಾಗ ಅದೇ ಅರ್ಜಿಯಲ್ಲಿ ಇರುತ್ತದೆ, ಅದನ್ನು ಖಾಲಿ ಬಿಡಬೇಡಿ. ಒಂದು ವಾರ ಬಿಟ್ಟು ಮತ್ತೆ ಮೈ ಆಧಾರ್‌ನಲ್ಲಿ ನೋಡಿ. ಕೌಂಟರಿನಲ್ಲಿ ಆಯಿತು ಎಂದರು ಎಂಬುದನ್ನೇ ನೆಚ್ಚಿಕೊಂಡು ಕೂರಬೇಡಿ.

ಬ್ಯಾಂಕಿನಲ್ಲಿ ತಡವಾಗುತ್ತದೆ ಎನಿಸಿದರೆ ಹತ್ತಿರದ ಅಂಚೆ ಕಚೇರಿಯಲ್ಲಿ ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕ್ ಖಾತೆ ತೆರೆಸಿ, ಡಿಬಿಟಿಗೆ ಅದನ್ನೇ ಸೀಡ್ ಮಾಡಿಸುವ ದಾರಿಯೂ ಇದೆ.

ಸೀಡಿಂಗ್ ಸರಿ ಇದ್ದೂ ಹಣ ವಾಪಸಾಗುವುದುಂಟು. ಪೂರ್ತಿ ಕೆವೈಸಿ ಇಲ್ಲದೆ ತೆರೆದ 'ಸ್ಮಾಲ್ ಅಕೌಂಟ್' ಆಗಿದ್ದರೆ ಅದರಲ್ಲಿ ಯಾವ ಹೊತ್ತಿನಲ್ಲೂ 50,000 ರೂಪಾಯಿಗಿಂತ ಹೆಚ್ಚು ಇರುವಂತಿಲ್ಲ, ವರ್ಷಕ್ಕೆ ಒಟ್ಟು 1 ಲಕ್ಷಕ್ಕಿಂತ ಹೆಚ್ಚು ಜಮಾ ಆಗುವಂತಿಲ್ಲ. ಇಂಜಿನಿಯರಿಂಗ್, ಮೆಡಿಕಲ್ ಓದುವವರ ಶುಲ್ಕದ ಹಣ ಇಲ್ಲಿ ಸಿಕ್ಕಿಬೀಳುವುದುಂಟು. ಪೂರ್ತಿ ಕೆವೈಸಿ ಕೊಟ್ಟು ಸಾಮಾನ್ಯ ಉಳಿತಾಯ ಖಾತೆ ಮಾಡಿಸಿಕೊಳ್ಳಿ. ಎರಡು ವರ್ಷ ವಹಿವಾಟು ನಡೆಯದ ಖಾತೆ 'ಇನ್‌ಆಪರೇಟಿವ್' ಆಗುತ್ತದೆ. ಆದರೆ ಸ್ಕಾಲರ್‌ಶಿಪ್ ಅಥವಾ ಡಿಬಿಟಿಗಾಗಿ ತೆರೆದ ಜೀರೋ ಬ್ಯಾಲೆನ್ಸ್ ಖಾತೆಗಳನ್ನು ಹಾಗೆ ಮಾಡಬಾರದು ಎಂದು ರಿಸರ್ವ್ ಬ್ಯಾಂಕ್ 2024ರ ಜನವರಿಯಲ್ಲಿ ಹೇಳಿದೆ, ಆ ಏಪ್ರಿಲ್‌ನಿಂದ ಅದು ಜಾರಿಯಲ್ಲಿದೆ. ಶಾಖೆಯಲ್ಲಿ ತಕರಾರು ಬಂದರೆ ಇದನ್ನು ನೆನಪಿಸಿ.

ಎಲ್ಲ ಸರಿಯಾದ ಮೇಲೆ ಸೀಡಿಂಗ್ ಆಕ್ಟಿವ್ ಎಂದು ತೋರಿಸುವ ಪುಟದ ಪ್ರಿಂಟ್, ಎಸ್‌ಎಸ್‌ಪಿ ಐಡಿ, ಅರ್ಜಿ ಸ್ವೀಕೃತಿ ಹಿಡಿದು ನಿಮ್ಮ ಇಲಾಖೆಯ ತಾಲ್ಲೂಕು ಕಚೇರಿಗೆ ಹೋಗಿ, ವಾಪಸಾದ ಮೊತ್ತವನ್ನು ಮರುಪಾವತಿಗೆ ಹಾಕಿಸಿ ಎಂದು ಲಿಖಿತವಾಗಿ ಕೊಡಿ. ಬರೀ ಬಾಯಿಮಾತಲ್ಲಿ ಹೇಳಿ ಬಂದದ್ದು ಅಲ್ಲೇ ಉಳಿಯುತ್ತದೆ.

ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಇನ್ನೊಂದು ಮಾತು. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದಲ್ಲಿ ಕೇಂದ್ರದ ಪಾಲು ಶೇ 60. ಶುಲ್ಕದ ಭಾಗವೂ ಸೇರಿ ಈ ಪಾಲು ಈಗ ನೇರ ವಿದ್ಯಾರ್ಥಿಯ ಖಾತೆಗೇ ಬರುತ್ತದೆ. ಅದರಲ್ಲಿ ಕಾಲೇಜಿಗೆ ಕಟ್ಟಬೇಕಾದ್ದೂ ಇರುತ್ತದೆ. ಪದವಿ ಮಟ್ಟದ ವೃತ್ತಿಪರ ಕೋರ್ಸ್‌ಗೆ ಕೈಗೆ ಉಳಿಯುವ ಭತ್ಯೆ ಹಾಸ್ಟೆಲಿನಲ್ಲಿದ್ದರೆ ವರ್ಷಕ್ಕೆ 13,500, ಮನೆಯಿಂದ ಓಡಾಡುವವರಿಗೆ 7,000 ರೂಪಾಯಿ. ಉಳಿದದ್ದು ಫೀಸು. ಮನೆಯ ಸಾಲಕ್ಕೆ ಬಳಸಿಕೊಂಡು ಪರೀಕ್ಷೆ ಹೊತ್ತಿಗೆ ಕಾಲೇಜಿನಲ್ಲಿ ಬಾಕಿ ಎಂದು ಹಾಲ್ ಟಿಕೆಟ್‌ಗೆ ಪರದಾಡುವವರಿದ್ದಾರೆ.

ಪ್ರಶ್ನೆ: ಮಗಳ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ 'ಕಾವ್ಯಶ್ರೀ ಟಿ ಆರ್' ಎಂದಿದೆ, ಆಧಾರ್‌ನಲ್ಲಿ 'ಕಾವ್ಯ' ಅಷ್ಟೇ. ಜಾತಿ ಪ್ರಮಾಣಪತ್ರ ಆಧಾರ್ ಪ್ರಕಾರ ಆಗಿದೆ. ಎಸ್‌ಎಸ್‌ಪಿ ಅರ್ಜಿ ಮುಂದಕ್ಕೇ ಹೋಗುತ್ತಿಲ್ಲ. ಸೈಬರ್‌ನವರು ಅಫಿಡವಿಟ್ ಮಾಡಿಸಿ ಎನ್ನುತ್ತಾರೆ.
— ತೆಂಗು ಬೆಳೆಗಾರ, ತಿಪಟೂರು

ಉತ್ತರ: ಅಫಿಡವಿಟ್‌ಗೆ ದುಡ್ಡು ದಂಡ ಮಾಡಬೇಡಿ. ಹೋಲಿಸಿ ನೋಡುವುದು ಕಂಪ್ಯೂಟರ್, ಅದು ಛಾಪಾ ಕಾಗದ ಓದುವುದಿಲ್ಲ. ಎಸ್ಸೆಸ್ಸೆಲ್ಸಿ ನೋಂದಣಿ ಸಂಖ್ಯೆ ಹಾಕಿದರೆ ಪರೀಕ್ಷಾ ಮಂಡಳಿಯ ದಾಖಲೆಯ ಹೆಸರು ಬರುತ್ತದೆ, ಆರ್‌ಡಿ ಸಂಖ್ಯೆ (ಜಾತಿ, ಆದಾಯ ಪ್ರಮಾಣಪತ್ರದ ಮೇಲಿರುವ ಸಂಖ್ಯೆ) ಹಾಕಿದರೆ ನಾಡಕಚೇರಿಯ ದಾಖಲೆಯ ಹೆಸರು ಬರುತ್ತದೆ. ಎರಡನ್ನೂ ಆಧಾರ್ ಹೆಸರಿನ ಜೊತೆ ಇಟ್ಟು ನೋಡುತ್ತದೆ.

ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನೇ ಮೂಲವಾಗಿ ಇಟ್ಟುಕೊಳ್ಳಿ. ಅದನ್ನು ತಿದ್ದಿಸುವುದು ಎಲ್ಲಕ್ಕಿಂತ ಕಷ್ಟ, ಮುಂದೆ ಪಾಸ್‌ಪೋರ್ಟ್‌ವರೆಗೂ ಅದೇ ಬೇಕಾಗುತ್ತದೆ. ಮೊದಲು ಆಧಾರ್ ಕೇಂದ್ರದಲ್ಲಿ ಅಂಕಪಟ್ಟಿ ತೋರಿಸಿ ಹೆಸರು ತಿದ್ದಿಸಿ. ಇನಿಶಿಯಲ್ ಮುಂದೆಯೋ ಹಿಂದೆಯೋ, ನಡುವೆ ಚುಕ್ಕೆಯೋ ಖಾಲಿ ಜಾಗವೋ ಎಂಬುದೂ ಅಂಕಪಟ್ಟಿಯಲ್ಲಿ ಇರುವಂತೆಯೇ ಬರಲಿ. ಆಪರೇಟರ್ ಟೈಪ್ ಮಾಡಿದ್ದನ್ನು ಸಲ್ಲಿಸುವ ಮುನ್ನ ಪರದೆಯಲ್ಲಿ ಓದಿ, ಕನ್ನಡದ ಸಾಲನ್ನೂ ಬಿಡಬೇಡಿ. ಆಧಾರ್‌ನಲ್ಲಿ ಹೆಸರು ತಿದ್ದಲು ಇಡೀ ಆಯುಷ್ಯಕ್ಕೆ ಎರಡೇ ಅವಕಾಶ, ಜನ್ಮದಿನಾಂಕಕ್ಕೆ ಒಂದೇ. ಇಲ್ಲಿ ಒಂದಕ್ಷರ ತಪ್ಪಿದರೂ ದುಬಾರಿ.

ಆಧಾರ್ ಸರಿಯಾಗಿ ಬಂದ ಮೇಲೆ, ಅದಕ್ಕೂ ಮುಂಚೆ ಅಲ್ಲ, ನಾಡಕಚೇರಿಯಲ್ಲಿ ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕೆ ಹೊಸ ಅರ್ಜಿ ಹಾಕಿ. ಮಗಳ ಹೆಸರಿನಲ್ಲೇ ಆಗಲಿ, ನಿಮ್ಮ ಹೆಸರಿನ ಪತ್ರ ಬೇಡ. ಹಳೆಯ ಆರ್‌ಡಿ ಸಂಖ್ಯೆ ಆಮೇಲೆ ಬಳಸಬೇಡಿ. 2ಎ, 2ಬಿ, 3ಎ, 3ಬಿ ಪ್ರವರ್ಗಗಳಿಗೆ ಜಾತಿ ಆದಾಯ ಎರಡೂ ಸೇರಿ ಒಂದೇ ಪತ್ರ, 5 ವರ್ಷ ಚಾಲ್ತಿ. ಪಿಯು ಮೊದಲ ವರ್ಷದಲ್ಲಿ ಮಾಡಿಸಿದ್ದು ಡಿಗ್ರಿಯ ಕೊನೆಯ ವರ್ಷಕ್ಕೆ ಮುಗಿಯುವ ಸಂಭವ ಇರುತ್ತದೆ, ತಾರೀಖು ನೋಡಿಕೊಳ್ಳಿ. ಗ್ರಾಮ ಆಡಳಿತಾಧಿಕಾರಿಯ ವರದಿಯಾಗಿ, ರೆವಿನ್ಯೂ ಇನ್‌ಸ್ಪೆಕ್ಟರ್ ನೋಡಿ, ತಹಶೀಲ್ದಾರ್ ಸಹಿಯಾಗುವಷ್ಟರಲ್ಲಿ ವಾರಗಳೇ ಹಿಡಿಯಬಹುದು. ಆದ್ದರಿಂದ ಅಡ್ಮಿಷನ್ ಆಗಲಿ ಆಮೇಲೆ ನೋಡೋಣ ಎಂದು ಕಾಯಬೇಡಿ, ರಜೆಯಲ್ಲೇ ಮುಗಿಸಿ.

ಸೈಬರ್‌ನಲ್ಲಿ ಅರ್ಜಿ ಹಾಕಿಸುವಾಗ ಮೊಬೈಲ್ ನಂಬರ್ ಮಗಳದ್ದೇ ಇರಲಿ. ಅವಸರಕ್ಕೆ ಅಂಗಡಿಯವರು ತಮ್ಮ ನಂಬರ್ ಹಾಕಿಬಿಡುತ್ತಾರೆ. ಮರುವರ್ಷ ಪಾಸ್‌ವರ್ಡ್ ಮರೆತರೆ ಒಟಿಪಿ ಅವರ ಫೋನಿಗೆ ಹೋಗುತ್ತದೆ. ಅಷ್ಟು ಹೊತ್ತಿಗೆ ಅಂಗಡಿಯೇ ಇರುವುದಿಲ್ಲ. ದಾಖಲೆಗಳಿಗೆ ಇ-ದೃಢೀಕರಣವೂ ಬೇಕು: ಪೋರ್ಟಲ್‌ನಲ್ಲಿ ಕಾಲೇಜಿನ ಇ-ದೃಢೀಕರಣ ಅಧಿಕಾರಿಯನ್ನು ಆರಿಸಿ, ಮೂಲ ದಾಖಲೆ ತೋರಿಸಿ, ಸಿಗುವ ಐಡಿಯನ್ನು ಅರ್ಜಿಯಲ್ಲಿ ತುಂಬಬೇಕು. ಕೊನೆಯ ದಿನಾಂಕದ ವಾರ ಆ ಅಧಿಕಾರಿಯ ಮೇಜಿನ ಮುಂದೆ ಇಡೀ ಕಾಲೇಜು ನಿಂತಿರುತ್ತದೆ.

ಪ್ರಶ್ನೆ: ತಮ್ಮನಿಗೆ ಸರ್ಕಾರಿ ಹಾಸ್ಟೆಲ್ ಸೀಟು ಸಿಕ್ಕಿದೆ. ವಿದ್ಯಾಸಿರಿಯೂ ಸಿಗುತ್ತದೆಯೇ? ಎರಡರಲ್ಲಿ ಯಾವುದು ಲಾಭ?
— ಓದುಗರು, ಹರಪನಹಳ್ಳಿ

ಉತ್ತರ: ಎರಡೂ ಒಟ್ಟಿಗೆ ಸಿಗುವುದಿಲ್ಲ. ವಿದ್ಯಾಸಿರಿ ಇರುವುದೇ ಹಾಸ್ಟೆಲ್ ಸಿಗದವರ ಊಟ ಮತ್ತು ವಸತಿಗಾಗಿ. ಯೋಜನೆ ಬಂದಾಗ ನಿಗದಿಯಾದದ್ದು ತಿಂಗಳಿಗೆ 1,500 ರೂಪಾಯಿಯಂತೆ 10 ತಿಂಗಳಿಗೆ 15,000. ಅಷ್ಟರಲ್ಲಿ ಯಾವ ಊರಿನಲ್ಲಿ ರೂಮು, ಊಟ ಎರಡೂ ಆಗುತ್ತದೆ? ಹಾಸ್ಟೆಲ್ ಸೀಟು ಬಿಡಬೇಡಿ.

ಪ್ರಶ್ನೆ: ಮಗನಿಗೆ ಸಿಇಟಿಯಲ್ಲಿ ಸಾಧಾರಣ ರ‍್ಯಾಂಕ್. ನಮ್ಮದು ಸಾಮಾನ್ಯ ವರ್ಗ, ವರ್ಷದ ಆದಾಯ 6 ಲಕ್ಷ. ಎಸ್‌ಎನ್‌ಕ್ಯೂ ಎಂದರೆ ಪೂರ್ತಿ ಉಚಿತವೇ? ಅದು ಸಿಗದಿದ್ದರೆ ಒಳ್ಳೆಯ ಕಾಲೇಜಿನಲ್ಲಿ ಮ್ಯಾನೇಜ್‌ಮೆಂಟ್ ಸೀಟು ಕೊಡಿಸಿ ಸಾಲ ಮಾಡೋಣ ಎಂದಿದ್ದೇವೆ.
— ಪೋಷಕರು, ಶಿವಮೊಗ್ಗ

ಉತ್ತರ: ಎಸ್‌ಎನ್‌ಕ್ಯೂ ಅಥವಾ ಸೂಪರ್‌ನ್ಯೂಮರರಿ ಕೋಟಾ ಎಂದರೆ ಎಐಸಿಟಿಇ (ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿ) ನಿಯಮದಂತೆ ಪ್ರತಿ ಕೋರ್ಸಿನ ಮಂಜೂರಾದ ಸೀಟುಗಳ ಮೇಲೆ ಹೆಚ್ಚುವರಿಯಾಗಿ ಕೊಡುವ ಶೇ 5ರಷ್ಟು ಸೀಟುಗಳು. 60 ಸೀಟಿನ ಬ್ರಾಂಚ್‌ಗೆ 3 ಸೀಟು. ಕುಟುಂಬದ ವಾರ್ಷಿಕ ಆದಾಯ 8 ಲಕ್ಷದೊಳಗಿರಬೇಕು. ಬೋಧನಾ ಶುಲ್ಕ ಮಾತ್ರ ಮಾಫಿ. ವಿಶ್ವವಿದ್ಯಾಲಯದ ಶುಲ್ಕ, ಪರೀಕ್ಷಾ ಶುಲ್ಕ, ಹಾಸ್ಟೆಲ್, ಬಸ್ಸು ಎಲ್ಲ ನೀವೇ ಕಟ್ಟಬೇಕು. ಈ ಸೀಟು ತೆಗೆದುಕೊಂಡ ಮೇಲೆ ಕಾಲೇಜಾಗಲಿ ಬ್ರಾಂಚಾಗಲಿ ಬದಲಿಸಲು ಬರುವುದಿಲ್ಲ. ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆಯನ್ನು ಸಿಇಟಿ ಅರ್ಜಿಯಲ್ಲೇ ಹಾಕಿರಬೇಕು. ಸೀಟುಗಳು ಕಡಿಮೆ, ಪೈಪೋಟಿ ಹೆಚ್ಚು, ಒಳ್ಳೆಯ ಕಾಲೇಜಿನ ಬೇಡಿಕೆಯ ಬ್ರಾಂಚ್‌ಗಳಲ್ಲಿ ರ‍್ಯಾಂಕ್ ಕಟ್ಟುನಿಟ್ಟು. ಇದೊಂದನ್ನೇ ನಂಬಿ ಆಪ್ಷನ್ ಎಂಟ್ರಿ ಮಾಡಬೇಡಿ.

ಮ್ಯಾನೇಜ್‌ಮೆಂಟ್ ಸೀಟಿನ ವಿಚಾರದಲ್ಲಿ ನಮ್ಮ ಅಭಿಪ್ರಾಯ ಸ್ಪಷ್ಟ: ನಿಮ್ಮ ಆದಾಯದಲ್ಲಿ ಅದು ಬೇಡ. ಫೀಸು ಹೆಚ್ಚು ಎಂಬುದೊಂದೇ ಕಾರಣವಲ್ಲ, ಆ ಸೀಟು ಸರ್ಕಾರದ ಸಹಾಯದ ಬಾಗಿಲುಗಳನ್ನೂ ಮುಚ್ಚುತ್ತದೆ. ಕೇಂದ್ರದ ಪಿಎಂ ವಿದ್ಯಾಲಕ್ಷ್ಮಿ ಶಿಕ್ಷಣ ಸಾಲ ಮೆರಿಟ್ ಅಥವಾ ಪ್ರವೇಶ ಪರೀಕ್ಷೆಯಿಂದ ಸೇರಿದವರಿಗೆ ಮಾತ್ರ. ಪರಿಶಿಷ್ಟ ಜಾತಿಯವರ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವೂ ಮ್ಯಾನೇಜ್‌ಮೆಂಟ್ ಸೀಟಿಗೆ ಇಲ್ಲ. ಬ್ಯಾಂಕುಗಳು ಸಾಮಾನ್ಯ ಶಿಕ್ಷಣ ಸಾಲ ಕೊಟ್ಟರೂ ಜಾಮೀನು ಕೇಳುತ್ತವೆ, ಬಡ್ಡಿಯೂ ಮೇಲೆ. ಒಂದು ಮೆಟ್ಟಿಲು ಕೆಳಗಿನ ಕಾಲೇಜಿನಲ್ಲಿ ಸರ್ಕಾರಿ ಕೋಟಾದ ಸೀಟು ನಿಮಗೆ ಲೇಸು.

ಪ್ರಶ್ನೆ: ಮಗಳಿಗೆ ಬಿ.ಇ ಸೀಟು ಸರ್ಕಾರಿ ಕೋಟಾದಲ್ಲೇ ಸಿಕ್ಕಿದೆ. ಹಾಸ್ಟೆಲ್ ಸೇರಿ ನಾಲ್ಕು ವರ್ಷಕ್ಕೆ 6 ಲಕ್ಷ ಬೇಕು. ಬ್ಯಾಂಕ್ ಮ್ಯಾನೇಜರ್ ಹೊಲದ ಪಹಣಿ ತನ್ನಿ, ಅಡ ಇಡಬೇಕು ಅನ್ನುತ್ತಾರೆ. ಇನ್ನೊಂದು ಬ್ಯಾಂಕಿನವರು ನಿಮ್ಮೂರು ನಮ್ಮ ವ್ಯಾಪ್ತಿಗೆ ಬರಲ್ಲ ಅಂದರು. ಕೆಲಸ ಸಿಕ್ಕ ಮೇಲೆ ತೀರಿಸಿದರಾಯಿತು ಎನ್ನುತ್ತಾರಲ್ಲ, ಅಲ್ಲಿಯವರೆಗೆ ಬಡ್ಡಿ ಇರುವುದಿಲ್ಲವೇ?
— ತಾಯಿ, ಮುಧೋಳ

ಉತ್ತರ: ಮೂರು ಪ್ರಶ್ನೆ ಕೇಳಿದ್ದೀರಿ, ಒಂದೊಂದಾಗಿ ನೋಡೋಣ.

ಭಾರತೀಯ ಬ್ಯಾಂಕುಗಳ ಸಂಘದ ಮಾದರಿ ಯೋಜನೆಯಲ್ಲಿ 4 ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಅಡಮಾನವಿಲ್ಲ, ನಿಮ್ಮ ಕೈಯಿಂದ ಹಾಕಬೇಕಾದ ಮಾರ್ಜಿನ್ ಹಣವೂ ಇಲ್ಲ. 4ರಿಂದ 7.5 ಲಕ್ಷದವರೆಗಿನ ಸಾಲವನ್ನು ಕೇಂದ್ರದ ಸಾಲ ಖಾತರಿ ನಿಧಿಯಡಿ (ಸಿಜಿಎಫ್‌ಎಸ್‌ಇಎಲ್) ತರಬಹುದು. ಸಾಲ ಮರುಪಾವತಿಯಾಗದಿದ್ದರೆ ಬಾಕಿಯ ಶೇ 75ನ್ನು ನಿಧಿ ಬ್ಯಾಂಕಿಗೆ ಕೊಡುತ್ತದೆ. ಈ ಖಾತರಿ ಪಡೆಯುವ ಸಾಲಕ್ಕೆ ಬ್ಯಾಂಕ್ ಅಡಮಾನವನ್ನಾಗಲಿ ಮೂರನೆಯವರ ಜಾಮೀನನ್ನಾಗಲಿ ಕೇಳುವಂತಿಲ್ಲ. ನಿಮ್ಮದು 6 ಲಕ್ಷ. "ಸಿಜಿಎಫ್‌ಎಸ್‌ಇಎಲ್ ಅಡಿ ಕೊಡಿ" ಎಂದು ಹೆಸರು ಹಿಡಿದೇ ಕೇಳಿ. 4 ಲಕ್ಷ ದಾಟಿದ ಸಾಲಕ್ಕೆ ಶೇ 5 ಮಾರ್ಜಿನ್ ಇರುತ್ತದೆ, ಸಿಕ್ಕ ಸ್ಕಾಲರ್‌ಶಿಪ್ಪನ್ನೂ ಅದರ ಲೆಕ್ಕಕ್ಕೆ ಸೇರಿಸಿಕೊಳ್ಳಬಹುದು. ಹೆತ್ತವರಲ್ಲಿ ಒಬ್ಬರು ಸಹ ಸಾಲಗಾರರಾಗಿ ಸಹಿ ಹಾಕಲೇಬೇಕು. ನಿಮ್ಮ ಬೆಳೆ ಸಾಲ, ಒಡವೆ ಸಾಲ ಸುಸ್ತಿಯಾಗಿದ್ದರೆ ಅರ್ಜಿ ಅಲ್ಲೇ ನಿಲ್ಲುವುದು ಹೆಚ್ಚು, ಅದನ್ನು ಮೊದಲು ಸರಿಮಾಡಿಕೊಳ್ಳಿ.

ಊರು ವ್ಯಾಪ್ತಿಗೆ ಬರುವುದಿಲ್ಲ ಎಂಬ ಕಾರಣಕ್ಕೆ ಶಿಕ್ಷಣ ಸಾಲದ ಅರ್ಜಿ ತಿರಸ್ಕರಿಸುವಂತಿಲ್ಲ ಎಂದು ರಿಸರ್ವ್ ಬ್ಯಾಂಕೇ ಹೇಳಿದೆ. ಬಾಯಲ್ಲಿ ಆಗಲ್ಲ ಅನಿಸಿಕೊಂಡು ಮನೆಗೆ ಬರಬೇಡಿ. ವಿದ್ಯಾಲಕ್ಷ್ಮಿ ಪೋರ್ಟಲ್ ಮೂಲಕ ಅರ್ಜಿ ಹಾಕಿದರೆ ಅದಕ್ಕೊಂದು ಸಂಖ್ಯೆ, ತಾರೀಖು ಇರುತ್ತದೆ. ಆಮೇಲೆ ಕಾರಣವನ್ನು ಬರಹದಲ್ಲಿ ಕೇಳಿ. ಕಾಗದದ ಮೇಲೆ ಬರೆಯುವಾಗ ಎಷ್ಟೋ ಅಡ್ಡಿಗಳು ತಾವಾಗಿ ಕರಗುತ್ತವೆ. ಆಗದಿದ್ದರೆ ಜಿಲ್ಲೆಯ ಲೀಡ್ ಬ್ಯಾಂಕ್ ಮ್ಯಾನೇಜರ್ ಬಳಿ ಹೋಗಿ, ಬ್ಯಾಂಕಿಗೂ ದೂರು ಬರೆಯಿರಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲಿ ಉಚಿತವಾಗಿ ದೂರು ಕೊಡಬಹುದು. ಮಾಹಿತಿಗೆ 14448.

ಬ್ಯಾಂಕಿಗೆ ಹೋಗುವ ಮುನ್ನ ಕಾಲೇಜಿನಿಂದ ನಾಲ್ಕೂ ವರ್ಷದ ಶುಲ್ಕದ ವಿವರವನ್ನು ಲೆಟರ್‌ಹೆಡ್‌ನಲ್ಲಿ ಬರೆಸಿ ತನ್ನಿ. ಮೊದಲ ವರ್ಷದ್ದು ಮಾತ್ರ ತಂದರೆ ಅಷ್ಟಕ್ಕೇ ಸಾಲ ಮಂಜೂರಾಗಿ ಮುಂದೆ ಕಷ್ಟವಾಗುತ್ತದೆ. ಹಾಸ್ಟೆಲ್, ಪುಸ್ತಕ, ಲ್ಯಾಪ್‌ಟಾಪ್ ಸೇರಿಸಲು ಬರುತ್ತದೆ. ವಾಪಸ್ ಬರುವ ಠೇವಣಿಯಂಥವು ಒಟ್ಟು ಬೋಧನಾ ಶುಲ್ಕದ ಶೇ 10 ದಾಟಬಾರದು. ಹಣ ನಿಮ್ಮ ಕೈಗೆ ಬರುವುದಿಲ್ಲ, ಕಂತುಕಂತಾಗಿ ಕಾಲೇಜಿಗೇ ಹೋಗುತ್ತದೆ. ಪ್ರತಿ ವರ್ಷ ಹಿಂದಿನ ಅಂಕಪಟ್ಟಿ ಮತ್ತು ಹೊಸ ಡಿಮ್ಯಾಂಡ್ ಪತ್ರ ಕೊಟ್ಟರೇ ಮುಂದಿನ ಕಂತು. ಕೈಸಾಲ ಮಾಡಿ ಮೊದಲು ಫೀಸು ಕಟ್ಟಿ ಆಮೇಲೆ ಬ್ಯಾಂಕಿನಿಂದ ವಸೂಲು ಮಾಡಿಕೊಳ್ಳೋಣ ಎಂದಿದ್ದರೆ, ಕಟ್ಟುವ ಮುನ್ನವೇ ಮ್ಯಾನೇಜರ್ ಹತ್ತಿರ ಖಚಿತ ಮಾಡಿಕೊಳ್ಳಿ.

ಇನ್ನು ಬಡ್ಡಿ. ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಿಲ್ಲ ಎಂಬುದು ನಿಜ. ಬಡ್ಡಿ ಮಾತ್ರ ಮೊದಲ ಕಂತು ಬಿಡುಗಡೆಯಾದ ದಿನದಿಂದಲೇ ಓಡುತ್ತದೆ. ಲೆಕ್ಕಕ್ಕೆ ಶೇ 10 ಎಂದಿಟ್ಟುಕೊಳ್ಳಿ, ವರ್ಷಕ್ಕೆ 1.5 ಲಕ್ಷದಂತೆ ನಾಲ್ಕು ಕಂತು. ಈ ಅವಧಿಯಲ್ಲಿ ಸರಳ ಬಡ್ಡಿ. ಮೊದಲ ಕಂತಿಗೆ 5 ವರ್ಷದ್ದು 75,000, ಎರಡನೆಯದಕ್ಕೆ 60,000, ಮೂರನೆಯದಕ್ಕೆ 45,000, ನಾಲ್ಕನೆಯದಕ್ಕೆ 30,000. ಒಟ್ಟು 2,10,000. ಮಗಳು ಮೊದಲ ಇಎಂಐ ಕಟ್ಟುವ ಹೊತ್ತಿಗೆ ಸಾಲ 6 ಲಕ್ಷ ಅಲ್ಲ, 8.1 ಲಕ್ಷ. ಅಲ್ಲಿಂದ ಮುಂದೆ ಆ 8.1 ಲಕ್ಷದ ಮೇಲೆ ಬಡ್ಡಿ. 10 ವರ್ಷಕ್ಕೆ ತಿಂಗಳ ಕಂತು ಸುಮಾರು 10,700 ರೂಪಾಯಿ.

ಓದುವಾಗಲೇ ಬಡ್ಡಿ ಕಟ್ಟುತ್ತಾ ಹೋದರೆ? ಮೊದಲ ವರ್ಷ ತಿಂಗಳಿಗೆ 1,250, ಎರಡನೇ ವರ್ಷ 2,500, ಮೂರನೇ ವರ್ಷ 3,750, ಆಮೇಲೆ 5,000. ಕಟ್ಟುವುದು ಅದೇ 2.1 ಲಕ್ಷ. ಆದರೆ ಕೊನೆಗೆ ಉಳಿಯುವ ಸಾಲ 6 ಲಕ್ಷ, ಇಎಂಐ ಸುಮಾರು 7,930. ತಿಂಗಳಿಗೆ 2,770ರಷ್ಟು ಕಡಿಮೆ, 10 ವರ್ಷಕ್ಕೆ 3.3 ಲಕ್ಷ. ಓದುವಾಗಲೇ ಬಡ್ಡಿ ಕಟ್ಟುವವರಿಗೆ ಹಲವು ಬ್ಯಾಂಕುಗಳು ದರದಲ್ಲಿ ಶೇ 1ರವರೆಗೆ ಕಡಿತ ಕೊಡುತ್ತವೆ, ಹೆಣ್ಣುಮಕ್ಕಳಿಗೆ ಶೇ 0.50 ಪ್ರತ್ಯೇಕ. ಕೇಳದೆ ಕೊಡುವುದಿಲ್ಲ. ಮೊದಲೆರಡು ವರ್ಷದ 1,250, 2,500 ಹೈನಿನ ಹಣದಲ್ಲಾದರೂ ಹೊಂದಿಸಲು ಸಾಧ್ಯವೇ ನೋಡಿ. ಕೊನೆಯ ವರ್ಷದ 5,000 ಆಗದಿದ್ದರೆ ಬಿಡಿ, ಕಟ್ಟಿದಷ್ಟೂ ಲಾಭವೇ.

ಪ್ರಶ್ನೆ: ಪಿಎಂ ವಿದ್ಯಾಲಕ್ಷ್ಮಿ, ಬಡ್ಡಿ ಸಬ್ಸಿಡಿ, ಅರಿವು ಸಾಲ ಇವೆಲ್ಲ ಒಂದೇನಾ? ನಮ್ಮ ಆದಾಯ 3 ಲಕ್ಷ, ಹಿಂದುಳಿದ ವರ್ಗ.
— ಓದುಗರು, ಕುಣಿಗಲ್

ಉತ್ತರ: ಬೇರೆ ಬೇರೆ. ಪಿಎಂ ವಿದ್ಯಾಲಕ್ಷ್ಮಿಗೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟದ್ದು 2024ರ ನವೆಂಬರ್ 6ರಂದು. ಎನ್‌ಐಆರ್‌ಎಫ್ (ಕೇಂದ್ರದ ಶಿಕ್ಷಣ ಸಂಸ್ಥೆಗಳ ರ‍್ಯಾಂಕಿಂಗ್) ಆಧಾರದ ಪಟ್ಟಿಯಲ್ಲಿರುವ ಸಂಸ್ಥೆಗಳಿಗಷ್ಟೇ ಅದು. ಪಟ್ಟಿ ವರ್ಷ ವರ್ಷ ಪರಿಷ್ಕರಣೆಯಾಗುತ್ತದೆ, ಮೊದಲು ಸೇರುವ ಕಾಲೇಜು ಅದರಲ್ಲಿದೆಯೇ ನೋಡಿ. ಇದ್ದರೆ ಅಡಮಾನವಿಲ್ಲ, ಜಾಮೀನುದಾರರೂ ಬೇಡ. ಕುಟುಂಬದ ಆದಾಯ 8 ಲಕ್ಷದವರೆಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಓದುವ ಅವಧಿ ಮತ್ತು ಆಮೇಲಿನ ಒಂದು ವರ್ಷದ ಬಡ್ಡಿಯಲ್ಲಿ ಶೇ 3ನ್ನು ಸರ್ಕಾರ ಕೊಡುತ್ತದೆ. ಮೇಲಿನ 6 ಲಕ್ಷದ ಲೆಕ್ಕದಲ್ಲಿ ಅದು 63,000 ರೂಪಾಯಿ.

ನಿಮ್ಮ ಆದಾಯ 4.5 ಲಕ್ಷದೊಳಗಿದೆ. ತಾಂತ್ರಿಕ ಅಥವಾ ವೃತ್ತಿಪರ ಕೋರ್ಸ್ ಆದರೆ ಹಳೆಯ ಬಡ್ಡಿ ಸಬ್ಸಿಡಿ ಯೋಜನೆಯಲ್ಲಿ ಆ ಅವಧಿಯ ಬಡ್ಡಿ ಪೂರ್ತಿ ಮಾಫಿ, ಅಂದರೆ ಅದೇ ಲೆಕ್ಕದಲ್ಲಿ 2.1 ಲಕ್ಷ. ಕಾಲೇಜಿಗೆ ನ್ಯಾಕ್ ಅಥವಾ ಎನ್‌ಬಿಎ ಮಾನ್ಯತೆ ಬೇಕು. ಜೀವಮಾನದಲ್ಲಿ ಒಂದೇ ಸಲ: ಪದವಿಗೆ ಪಡೆದರೆ ಸ್ನಾತಕೋತ್ತರಕ್ಕೆ ಇಲ್ಲ. ಅನಾರೋಗ್ಯದ ಹೊರತು ಬೇರೆ ಕಾರಣಕ್ಕೆ ಕೋರ್ಸ್ ಮಧ್ಯದಲ್ಲಿ ಬಿಟ್ಟರೆ ಸಬ್ಸಿಡಿ ನಿಂತುಹೋಗುತ್ತದೆ. ಆದಾಯ ಪ್ರಮಾಣಪತ್ರವನ್ನು ಸಾಲ ಪಡೆಯುವಾಗಲೇ ಶಾಖೆಗೆ ಕೊಟ್ಟು 'ಸಬ್ಸಿಡಿ ಕ್ಲೇಮ್ ಮಾಡಿ' ಎಂದು ಬರೆದುಕೊಡಿ. ಕ್ಲೇಮ್ ಹಾಕಬೇಕಾದ್ದು ಬ್ಯಾಂಕ್, ಅದು ಸುಮ್ಮನಿದ್ದರೆ ನಿಮಗೆ ತಿಳಿಯುವುದು ಓದು ಮುಗಿದ ಮೇಲೆ.

ಅರಿವು ರಾಜ್ಯದ್ದು. ಹಿಂದುಳಿದ ವರ್ಗದವರಿಗೆ ಡಿ. ದೇವರಾಜ ಅರಸು ನಿಗಮ, ಅಲ್ಪಸಂಖ್ಯಾತರಿಗೆ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮ ಕೊಡುತ್ತದೆ. ಬಡ್ಡಿ ಶೇ 2. ಸಿಇಟಿ ಮೂಲಕ ಸೀಟು ಪಡೆದವರು ಮೊದಲು ಹೋಗಬೇಕಾದ್ದು ಇಲ್ಲಿಗೆ. ಅರಸು ನಿಗಮದಲ್ಲಿ ವರ್ಷಕ್ಕೆ 1 ಲಕ್ಷದವರೆಗೆ ಸಿಗುತ್ತದೆ, ಪ್ರತಿ ವರ್ಷ ರಿನ್ಯೂವಲ್ ಅರ್ಜಿ ಹಾಕಬೇಕು. ಹಣ ಬರುವುದು ತಡವಾಗಬಹುದು, ಫೀಸು ಕಟ್ಟುವ ದಿನಕ್ಕೆ ಇದೇ ಆಧಾರ ಎಂದುಕೊಳ್ಳಬೇಡಿ. ಕಡಿಮೆ ಬೀಳುವುದನ್ನು ಮಾತ್ರ ಬ್ಯಾಂಕಿನಿಂದ ತನ್ನಿ.

ಪ್ರಶ್ನೆ: ಸರ್ಕಾರಿ ಶಾಲೆ, ಸರ್ಕಾರಿ ಪಿಯು ಕಾಲೇಜಿನಲ್ಲೇ ಓದಿದ ಹುಡುಗಿಗೆ ಎಸ್‌ಎಸ್‌ಪಿ ಬಿಟ್ಟು ಬೇರೇನಿದೆ?
— ಉಪನ್ಯಾಸಕಿ, ಸಿಂಧನೂರು

ಉತ್ತರ: ಅಜೀಂ ಪ್ರೇಮ್‌ಜಿ ಸ್ಕಾಲರ್‌ಶಿಪ್ ಅಂಥವಳಿಗೇ ಇರುವುದು. 10 ಮತ್ತು 12ನೇ ತರಗತಿಯನ್ನು ಸರ್ಕಾರಿ ಸಂಸ್ಥೆಯಲ್ಲಿ ರೆಗ್ಯುಲರ್ ಆಗಿ ಓದಿ, ಪದವಿ ಅಥವಾ ಡಿಪ್ಲೊಮಾ ಮೊದಲ ವರ್ಷಕ್ಕೆ ಸೇರಿದ ಹುಡುಗಿಯರಿಗೆ ಕೋರ್ಸ್ ಮುಗಿಯುವವರೆಗೆ ವರ್ಷಕ್ಕೆ 30,000 ರೂಪಾಯಿ. ಮೊದಲ ವರ್ಷದಲ್ಲೇ ಅರ್ಜಿ ಹಾಕಬೇಕು, ಹೀಗಾಗಿ ನಿಮ್ಮ ಕಾಲೇಜಿನಿಂದ ಹೊರಡುವ ಮುನ್ನವೇ ಹುಡುಗಿಯರಿಗೆ ಹೇಳಿ ಕಳಿಸಿ.

ಎಐಸಿಟಿಇ ಮಾನ್ಯತೆಯ ಇಂಜಿನಿಯರಿಂಗ್ ಅಥವಾ ಡಿಪ್ಲೊಮಾ ಸೇರಿದ್ದರೆ ಪ್ರಗತಿ ಸ್ಕಾಲರ್‌ಶಿಪ್: ವರ್ಷಕ್ಕೆ 50,000, ಆದಾಯ 8 ಲಕ್ಷದೊಳಗೆ, ಒಂದು ಮನೆಯ ಇಬ್ಬರು ಹೆಣ್ಣುಮಕ್ಕಳವರೆಗೆ. ಇದಕ್ಕೆ ಕೇಂದ್ರದ ಸ್ಕಾಲರ್‌ಶಿಪ್ ಪೋರ್ಟಲ್ ಎನ್‌ಎಸ್‌ಪಿಯಲ್ಲಿ ಅರ್ಜಿ. ಮೊದಲು ಒಟಿಆರ್ (ಒಂದು ಬಾರಿಯ ನೋಂದಣಿ) ಸಂಖ್ಯೆ ಮಾಡಿಕೊಳ್ಳಬೇಕು, ಅದಕ್ಕೆ ಮೊಬೈಲಿನಲ್ಲಿ ಆಧಾರ್ ಮುಖ ದೃಢೀಕರಣ ಇರುತ್ತದೆ. ಅರ್ಜಿ ಕಳಿಸಿದ ಮೇಲೆ ಕಾಲೇಜಿನ ನೋಡಲ್ ಅಧಿಕಾರಿ ಪರಿಶೀಲಿಸಿ ಮುಂದಕ್ಕೆ ಕಳಿಸದಿದ್ದರೆ ಅದು ಅಲ್ಲೇ ಸಾಯುತ್ತದೆ. 'ಡಿಫೆಕ್ಟಿವ್' ಎಂದು ವಾಪಸ್ ಬಂದರೆ ಕೊನೆಯ ದಿನದೊಳಗೆ ತಿದ್ದಿ ಮತ್ತೆ ಕಳಿಸಲು ಬರುತ್ತದೆ, 'ರಿಜೆಕ್ಟ್' ಆದರೆ ಆ ವರ್ಷದ ಕಥೆ ಮುಗಿಯಿತು. ವಾರಕ್ಕೊಮ್ಮೆ ಲಾಗಿನ್ ಆಗಿ ನೋಡಿಸಿ.

ಪಿಯುನಲ್ಲಿ ಮಂಡಳಿಯ ಮೇಲಿನ ಶೇ 20 ವಿದ್ಯಾರ್ಥಿಗಳಲ್ಲಿ ಇದ್ದು, ಆದಾಯ 4.5 ಲಕ್ಷದೊಳಗಿದ್ದರೆ ಕೇಂದ್ರದ ಮೆರಿಟ್ ಸ್ಕಾಲರ್‌ಶಿಪ್ ಕೂಡ ಇದೆ: ಪದವಿಯ ಮೂರು ವರ್ಷ 12,000, ನಂತರ 20,000. ರಾಜ್ಯದ ವಿದ್ಯಾರ್ಥಿವೇತನವನ್ನೋ ಶುಲ್ಕ ವಿನಾಯಿತಿಯನ್ನೋ ಪಡೆಯುವವರಿಗೆ ಇದು ಸಿಗದು. ಎರಡರಲ್ಲಿ ಯಾವುದು ದೊಡ್ಡದು ಎಂದು ಮೊದಲೇ ಲೆಕ್ಕ ಹಾಕಿ. ಪರಿಶಿಷ್ಟ ಜಾತಿಯ ಹುಡುಗಿ ಇಂಜಿನಿಯರಿಂಗ್ ಸೇರಿದ್ದರೆ ಎಸ್‌ಎಸ್‌ಪಿಯ ಶುಲ್ಕ ಮರುಪಾವತಿಯ ಎದುರು 12,000 ಏನೂ ಅಲ್ಲ. ಶುಲ್ಕವೇ ಹೆಚ್ಚಿಲ್ಲದ ಸರ್ಕಾರಿ ಕಾಲೇಜಿನ ಬಿ.ಎ.ಗೆ ಸೇರಿದ್ದರೆ ಲೆಕ್ಕ ತಲೆಕೆಳಗಾಗಬಹುದು.

ಪ್ರಶ್ನೆ: ಮಗನ ಶಿಕ್ಷಣ ಸಾಲದ ಬಡ್ಡಿ ನಾನೇ ಕಟ್ಟುತ್ತಿದ್ದೇನೆ. ಆದಾಯ ತೆರಿಗೆಯಲ್ಲಿ ವಿನಾಯಿತಿ ಇದೆಯಂತೆ, ನನಗೋ ಅವನಿಗೋ?
— ನೌಕರರು, ಮೈಸೂರು

ಉತ್ತರ: ಸಾಲದಲ್ಲಿ ನಿಮ್ಮ ಹೆಸರೂ ಇದ್ದು ನಿಮ್ಮ ಆದಾಯದಿಂದ ಕಟ್ಟುತ್ತಿದ್ದರೆ ನಿಮಗೆ. 80ಇ ಎಂದು ಎಲ್ಲರಿಗೂ ಗೊತ್ತಿರುವ ಈ ವಿನಾಯಿತಿ ಬಡ್ಡಿಗೆ ಮಾತ್ರ, ಅಸಲಿಗಿಲ್ಲ. ಮೊತ್ತಕ್ಕೆ ಮಿತಿ ಇಲ್ಲ. ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗಷ್ಟೇ ಸಿಗುತ್ತದೆ, ಹೊಸ ಪದ್ಧತಿಗೆ ಹೋಗಿದ್ದರೆ ಮಾತೇ ಇಲ್ಲ. ನೆಂಟರಿಂದ ತಂದ ಸಾಲಕ್ಕೂ ಇಲ್ಲ.

ಬಡ್ಡಿ ಕಟ್ಟಲು ಶುರುಮಾಡಿದ ವರ್ಷದಿಂದ ಲೆಕ್ಕ ಹಾಕಿ ಒಟ್ಟು 8 ವರ್ಷ ಮಾತ್ರ ಈ ಸೌಲಭ್ಯ. ಓದುವಾಗಲೇ ಬಡ್ಡಿ ಕಟ್ಟಲು ಆರಂಭಿಸಿದರೆ 8 ವರ್ಷದ ಎಣಿಕೆಯೂ ಆಗಲೇ ಶುರು. ಹಾಗೆಂದು ಬಡ್ಡಿ ಕಟ್ಟುವುದನ್ನು ಮುಂದೂಡಬೇಡಿ. ತೆರಿಗೆಯಲ್ಲಿ ಉಳಿಯುವುದು ಕಟ್ಟಿದ ಬಡ್ಡಿಯ ಒಂದು ಪಾಲು ಮಾತ್ರ, ಸಾಲಕ್ಕೆ ಸೇರಿಹೋದ ಬಡ್ಡಿಯ ಮೇಲೆ ಮತ್ತೆ ಬಡ್ಡಿ ಕಟ್ಟುವುದು ಪೂರ್ತಿ ನಿಮ್ಮ ಜೇಬಿನಿಂದ. ಪ್ರತಿ ಏಪ್ರಿಲ್‌ನಲ್ಲಿ ಬ್ಯಾಂಕಿನಿಂದ ಬಡ್ಡಿ ಪ್ರಮಾಣಪತ್ರ ತರಿಸಿಕೊಳ್ಳಿ, ಅದರಲ್ಲಿ ಅಸಲು ಬಡ್ಡಿ ಬೇರೆ ಬೇರೆಯಾಗಿ ನಮೂದಾಗಿರಲಿ.